ದೇವರ ಕೋಣೆಯ ಗೋಡೆಯೊಳಗಿನ ಡಬ್ಬಿ

ಇದನ್ನು ಬರೆಯುವುದನ್ನು ಇಷ್ಟು ದಿನ ಮುಂದೂಡುತ್ತ ಬಂದೆ. ಅವನು ಬದುಕಿದ್ದಾಗ, ಬರೆಯುವುದೇನು, ಒಂದು ದಿನ ಹೋಗಿ ಎದುರಿಗೇ ಹೇಳಿದರಾಯಿತು ಅಂದುಕೊಂಡೆ. ಅವನು ತೀರಿಕೊಂಡ ಮೇಲೆ, ಇನ್ನು ಹೇಳಿ ಯಾರಿಗೇನು ಅಂದುಕೊಂಡೆ. ಎರಡೂ ನೆವ. ನಾನು ಹತ್ತನೆಯ ತರಗತಿಯವರೆಗೆ ಓದಿದವನು. ಶಹಾಪುರದಲ್ಲಿ ನಲವತ್ತು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿದೆ. ಪೈಪು, ವೈರು, ಸ್ವಿಚ್ಚು, ಮೊಳೆ ಮಾರಿದ್ದೇನೆ. ಬರೆದು ರೂಢಿಯಿಲ್ಲ. ಆದರೆ ಬರೆಯದೇ ಇದ್ದದ್ದಕ್ಕೆ ಅದು ಕಾರಣವಲ್ಲ.

ಹೋದ ಬೇಸಿಗೆಯಲ್ಲಿ ಅಂಗಡಿಗೆ ಬಂದ ಗಿರಾಕಿಯೊಬ್ಬ ಟೇಪಿನ ಸುರುಳಿ ಆರಿಸುತ್ತ ಹೇಳಿದ: "ಸಾವ್ಕಾರ್ರ, ಖಬರ್ ಬಂತೇನ್ರಿ? ಜಾಮ್ ಮಿಸ್ತ್ರಿ ಹೋದ್ನಂತ."

"ಯಾರು?" ಎಂದೆ. ಯಾರೆಂದು ಗೊತ್ತಿತ್ತು.

"ಅವನ್ರಿ, ದೋರನಹಳ್ಳಿಯಾವ. ಪೈಪ್ ಜಾಮ್ ಮಾಡ್ತಿದ್ದಲ್ಲ, ಅವ." ಗಿರಾಕಿ ನಗಲಿಲ್ಲ, ಸತ್ತವನ ಮಾತಲ್ಲವೇ. ಆದರೆ ಆ ಹೆಸರು ಹೇಳುವಾಗ ಶಹಾಪುರದವರ ತುಟಿ ತಾನಾಗಿಯೇ ಒಂದಿಷ್ಟು ಓರೆಯಾಗುತ್ತದೆ. ಆ ಹೆಸರನ್ನು ಇಟ್ಟವನು ನಾನು. ಅವನು ಆಯುಷ್ಯದಲ್ಲಿ ಒಂದು ಪೈಪನ್ನೂ ಜಾಮ್ ಮಾಡಿದವನಲ್ಲ ಎಂಬುದು ಗೊತ್ತಿದ್ದ ಮೂರು ನಾಲ್ಕು ಜನರಲ್ಲಿ ನಾನೂ ಒಬ್ಬ.

ಅವನ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಮನೆಯವರನ್ನು ನಾನು ಕೇಳಿಲ್ಲ. ಕೇಳುವ ಮುಖವೂ ನನಗಿಲ್ಲ.

ತೆಳ್ಳಗಿನ ಮನುಷ್ಯ. ಹಳೆಯ ಮೊಪೆಡ್ ಮೇಲೆ ಬರುತ್ತಿದ್ದ. ಪೈಪಿನೊಳಗೆ ತೂರಿಸುವ ಉಕ್ಕಿನ ಸ್ಪ್ರಿಂಗ್ ತಂತಿಯನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡಿರುತ್ತಿದ್ದ. ದೂರದಿಂದ ನೋಡಿದರೆ ಹಾರ ಹಾಕಿಸಿಕೊಂಡು ಬರುವವನ ಹಾಗೆ ಕಾಣುತ್ತಿತ್ತು. ಬಲಗಿವಿಯ ಮೇಲೆ ಬಡಗಿಗಳ ಕೆಂಪು ಪೆನ್ಸಿಲ್. ಯಾವ ಮನೆಗೆ ಹೋದರೂ ಮೊದಲು ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದ. ಡಾಕ್ಟರ್ ಎದೆ ತಟ್ಟಿ ನೋಡುವ ಹಾಗೆ. ಕಾಲುವೆ ಕೆಲಸ ಜೋರಾಗಿ ನಡೆದಿದ್ದ ದಿನಗಳಲ್ಲಿ ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಒಬ್ಬ ವೈರಮನ್ ಕೈಕೆಳಗೆ ಇದ್ದು ಕಲಿತದ್ದು. ಮುಂದಿನದೆಲ್ಲ ತಾನೇ ನೋಡಿ ಮಾಡಿ ಕಲಿತದ್ದು.

ನನ್ನ ಅಂಗಡಿಗೆ ಹದಿನೈದು ವರ್ಷ ಬಂದ. ಒಳಗೆ ಗಿರಾಕಿಗಳಿಗೆಂದು ಎರಡು ಕುರ್ಚಿ ಇದ್ದವು. ಅವನು ಹೊರಗಿನ ಕಲ್ಲುಮೆಟ್ಟಿಲ ಮೇಲೆ ಕೂಡುತ್ತಿದ್ದ. ಒಳಗೆ ಬಾ ಎಂದು ನಾನು ಹೇಳಲಿಲ್ಲ, ಬರಲೇನ್ರಿ ಎಂದು ಅವನು ಕೇಳಲಿಲ್ಲ. ಚೀಲದಲ್ಲಿ ಯಾವಾಗಲೂ ತನ್ನದೇ ನೀರಿನ ಬಾಟಲಿ. ಹಿಂದೆ ಒಮ್ಮೆ, ಇವನು ಬಹಳ ಅಚ್ಚುಕಟ್ಟು ಅಂದುಕೊಂಡಿದ್ದೆ. ಅದು ಅಚ್ಚುಕಟ್ಟಲ್ಲ. ಲೋಟ ಕೊಡಬೇಕೋ ಬೇಡವೋ, ಕೊಟ್ಟರೆ ಯಾವ ಲೋಟ ಎಂದು ನಾವು ಒಳಗೆ ಹೋಗಿ ಗುಸುಗುಸು ಮಾಡುವ ತೊಂದರೆಯನ್ನು ಅವನು ನಮಗೆ ತಪ್ಪಿಸುತ್ತಿದ್ದ. ಅವನು ದೋರನಹಳ್ಳಿಯ ದಲಿತ ಕೇರಿಯವನು. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವನು.

ವಯಸ್ಸಿನಲ್ಲಿ ನನಗಿಂತ ಎರಡೋ ಮೂರೋ ವರ್ಷ ಚಿಕ್ಕವನು, ಅಷ್ಟೇ. ಆದರೂ ಅವನು ನನಗೆ 'ರೀ' ಹಚ್ಚುತ್ತಿದ್ದ, ನಾನು ಅವನಿಗೆ 'ನೀ' ಅನ್ನುತ್ತಿದ್ದೆ. ಈಗ ಈ ಹಾಳೆಯ ಮೇಲೆ 'ಅವರು' ಎಂದು ಬರೆದರೆ ನಾಟಕವಾಗುತ್ತದೆ. ಅಂದದ್ದನ್ನೇ ಬರೆಯುತ್ತೇನೆ.

ಹನ್ನೆರಡು ವರ್ಷದ ಹಿಂದೆ ಹೊಸ ಮನೆ ಕಟ್ಟಿಸಿದೆ. ಹೊರಗಿನ ಗೋಡೆಗಳೆಲ್ಲ ಒಂದೂವರೆ ಅಡಿ ದಪ್ಪದ ಕಲ್ಲಿನವು. ಕರೆಂಟಿನ ಕೆಲಸ ಬೇರೆಯವರಿಗೆ ಕೊಟ್ಟಿದ್ದೆ. ಟಿವಿ, ಡಿಶ್ಶು, ನೆಟ್ಟು, ಇವುಗಳ ಪೈಪಿನ ಕೆಲಸಕ್ಕೆ ಅವನನ್ನು ಕರೆದೆ. ಆಗ ಶಹಾಪುರದಲ್ಲಿ ಮನೆ ಕಟ್ಟುವಾಗಲೇ ಇದನ್ನು ಯೋಚಿಸುವವರು ಕಡಿಮೆ. ಮನೆಯೆಲ್ಲ ಮುಗಿದು ಬಣ್ಣ ಹಚ್ಚಿದ ಮೇಲೆ ಕಿಡಕಿಯಲ್ಲಿ ತೂತು ಕೊರೆದು ತಂತಿ ತರುತ್ತಿದ್ದರು. ಅವನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಹೊಸಾ ಧೋತ್ರ ಉಟ್ಟು ಅದಕ್ಕ ತ್ಯಾಪಿ ಹಚ್ಚಿದಂಗ," ಅನ್ನುತ್ತಿದ್ದ.

ಮನೆಗೆ ಸ್ಲ್ಯಾಬ್ ಬಿದ್ದಿತ್ತು, ಪ್ಲಾಸ್ಟರ್ ಆಗಿರಲಿಲ್ಲ. ಅವತ್ತು ನನ್ನ ಹೆಂಡತಿಯೂ ನೋಡಲು ಬಂದಿದ್ದಳು. ಅವನು ಹಾಲಿನ ನಡುವೆ ನಿಂತು ಕೇಳಿದ: "ಇಲ್ಲಿ ಟಿವಿ ಯಾರು ನೋಡ್ತಾರ್ರಿ?"

"ಎಲ್ಲಾರೂ ನೋಡ್ತಾರ," ಎಂದೆ.

"ಎಲ್ಲಾರೂ ಅಂದ್ರ ನನಗ ಗೊತ್ತಾಗಂಗಿಲ್ರಿ. ರಿಮೋಟ್ ಯಾರ ಕೈಯಾಗ ಇರ್ತದ ಅದನ್ನ ಹೇಳ್ರಿ."

ನನ್ನ ಹೆಂಡತಿ ಸೆರಗಿನಲ್ಲಿ ನಕ್ಕಳು. "ನನ್ನ ಕೈಯಾಗ ಇರ್ತದಪಾ."

"ಹಂಗಂದ್ರ ನೀವು ಬರ್ರಿ ಅಮ್ಮಾರ, ಇಲ್ಲಿ ಕೂಡ್ರಿ." ಎರಡು ಸಿಮೆಂಟ್ ಚೀಲ ಒಂದರ ಮೇಲೊಂದು ಇಟ್ಟ.

"ಸೀರಿ ಹೊಲಸಾಗ್ತದೋ ಮಾರಾಯಾ!"

"ಝಾಡಿಸಿದ್ರ ಸೀರಿ ಸಾಫ್ ಆಗ್ತದ್ರಿ. ಕುತ್ತಿಗಿ ನೋವು ಝಾಡಿಸಿದ್ರ ಹೋಗಂಗಿಲ್ಲ."

ಅವಳು ಕೂತಳು. ಎದುರಿನ ಇಟ್ಟಂಗಿ ಗೋಡೆಯನ್ನು ನೋಡಿ ಎಂದ. ಅವಳ ಕಣ್ಣಿನ ನೇರಕ್ಕೆ ಆ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದ. ನಾನು ಸುಮ್ಮನಿರದೆ, ಇಷ್ಟು ಕೆಳಗೆ ಬೇಡ, ಬಾಗಿಲಿಗೆ ಬಂದವರಿಗೂ ಕಾಣುವಷ್ಟು ಎತ್ತರದಲ್ಲಿ ಇರಲಿ ಎಂದೆ. ಅವನು ನನ್ನನ್ನು ನೋಡಿ ಹೇಳಿದ: "ಸಾವ್ಕಾರ್ರ, ಅದು ದೇವರ ಫೋಟೋ ಅಲ್ರಿ, ನಿಂತು ಕೈ ಮುಗಿಲಾಕ. ಕೂತು ನೋಡೂದು." ಹೆಂಡತಿ ಜೋರಾಗಿ ನಕ್ಕಳು. ಅವಳು ಹಾಗೆ ಪರರ ಮುಂದೆ ನಕ್ಕದ್ದನ್ನು ನಾನು ಹೆಚ್ಚು ನೋಡಿಲ್ಲ.

ಜೇಬಿನಿಂದ ಯಾರದೋ ಮದುವೆಯ ಆಮಂತ್ರಣ ಪತ್ರಿಕೆ ತೆಗೆದು, ಅದರ ಹಿಂಬದಿಯಲ್ಲಿ ಇಡೀ ಮನೆಯ ನಕ್ಷೆ ಬರೆದ. ಯಾವ ಕೋಣೆಗೆ ಎಷ್ಟು ಪೈಪು, ಎಲ್ಲಿಂದ ಎಲ್ಲಿಗೆ, ಎಷ್ಟು ಗೇಣು. ಕರೆಂಟಿನ ಪೈಪಿನಿಂದ ನೆಟ್ಟಿನ ಪೈಪು ಒಂದು ಗೇಣು ದೂರ ಇರಬೇಕೆಂದ. "ಎರಡನ್ನೂ ಒಂದ ಹಾಸಿಗ್ಯಾಗ ಮಲಗಿಸಬಾರದ್ರಿ. ಜಗಳಾಡ್ತಾವ. ಟಿವ್ಯಾಗ ಗೆರಿ ಬೀಳ್ತಾವ." ಪ್ರತಿ ಕೋಣೆಗೂ ಒಂದು ಪೈಪು ಹೆಚ್ಚಿಗೆ ಗುರುತು ಮಾಡಿದ.

"ಇದು ಯಾತಕ್ಕ?"

"ಗೊತ್ತಿಲ್ರಿ."

"ಗೊತ್ತಿಲ್ಲದ್ದಕ್ಕ ಪೈಪ್ ಹಾಕ್ತಿಯೇನು?"

"ಗೊತ್ತಿಲ್ಲ ಅಂತನ ಹಾಕಾಕತ್ತೀನ್ರಿ. ನಾಳಿ ಯಾವ ತಾರ ಬರ್ತದೋ ಯಾರಿಗಿ ಗೊತ್ತು? ಅದು ಬಂದ ಮ್ಯಾಲ ಗ್ವಾಡಿ ಒಡೀಬೇಕಾಗ್ತದ. ಪೈಪ್ ಮಾರೋರು ನೀವ, ನಿಮ್ಮ ಮನಿಗಿ ಹಾಕಿಸಲಾಕ ಇಷ್ಟ್ಯಾಕ ಜೀವ ತಿಂತೀರಿ?"

ನೆಟ್ಟು ಗಾಳಿಯಲ್ಲೇ ಬರುತ್ತದಂತಲ್ಲ, ಅದಕ್ಕೂ ಪೈಪು ಯಾಕೆ ಎಂದು ಕೇಳಿದೆ. ಅವನು ಹೊರಗಿನ ಕಲ್ಲುಗೋಡೆಯನ್ನು ತಟ್ಟಿದ. "ಈ ಕಲ್ಲು ದಾಟಿ ಯಾವ ಗಾಳೀನೂ ಒಳಗ ಬರಂಗಿಲ್ರಿ."

ಎಲ್ಲ ಪೈಪುಗಳೂ ಬಂದು ಸೇರುವುದಕ್ಕೆ ಮನೆಯ ನಡುವೆ, ಗೋಡೆಯೊಳಗೆ ಒಂದು ದೊಡ್ಡ ಡಬ್ಬಿ ಬೇಕಿತ್ತು. ಡಿಶ್ಶಿನ ತಂತಿ, ನೆಟ್ಟಿನ ತಂತಿ ಮೊದಲು ಆ ಡಬ್ಬಿಗೆ ಬಂದು, ಅಲ್ಲಿಂದ ಕೈಯಿಂದ ತಿರುಗಿಸಿ ಒಂದೊಂದು ಕೋಣೆಯ ಪೈಪಿಗೆ ದಾಟಿಸಬೇಕು. ಒಳಗೆ ಇಟ್ಟಂಗಿಯದಾಗಿ, ಮೂರು ಕೋಣೆಗೂ ಹತ್ತಿರವಾಗಿದ್ದದ್ದು ಒಂದೇ ಗೋಡೆ: ಹಾಲಿಗೂ ದೇವರ ಕೋಣೆಗೂ ನಡುವಿನದು. ಹಾಲಿನ ಕಡೆ ಕಟ್ಟಿಗೆಯ ದೊಡ್ಡ ಶೋಕೇಸ್ ಬರುವುದಿತ್ತು. ಡಬ್ಬಿಯ ಬಾಯಿ ದೇವರ ಕೋಣೆಯ ಕಡೆಗೇ ಬರಬೇಕು.

ಅವನು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು, ನೆಲ ನೋಡುತ್ತ ಕೇಳಿದ: "ಸಾವ್ಕಾರ್ರ, ಡಬ್ಬಿ ದೇವರ ಖೋಲ್ಯಾಗ ಬರ್ತದ. ನಡೀತದೇನ್ರಿ?"

ಅವನು ಕೇಳಿದ್ದು ಡಬ್ಬಿಯ ಮಾತಲ್ಲ, ತನ್ನ ಮಾತು. ಅದು ನನಗೂ ಗೊತ್ತಾಯಿತು, ಹೆಂಡತಿಗೂ ಗೊತ್ತಾಯಿತು. ನಾನು ದೊಡ್ಡ ಮನಸ್ಸಿನವನಂತೆ, "ಎಲ್ಲಾ ದೇವರದ ಅಲ್ಲೇನೋ, ನಡೀತದ ಹಾಕು," ಎಂದೆ. ಅಂದಾಗ ನನಗೆ ನನ್ನ ಮೇಲೇ ಸಂತೋಷವಾಯಿತು. ಮುಂದೆ ಎರಡು ದಿನ ಅಂಗಡಿಯಲ್ಲಿ ಕೂತು ಆ ಮಾತನ್ನು ನೆನೆದು ಸುಖಪಟ್ಟೆ.

ಮನೆಯ ಕೆಲಸ ನಡೆಯುತ್ತಿದ್ದ ದಿನಗಳಲ್ಲಿ ಅವನು ಮಧ್ಯಾಹ್ನ ರೊಟ್ಟಿ ಬಿಚ್ಚುತ್ತಿದ್ದದ್ದು ಆ ಕೋಣೆಯಲ್ಲೇ. ಇಡೀ ಮನೆಯಲ್ಲಿ ತಂಪಾಗಿದ್ದ ಜಾಗ ಅದು. ಉಂಡು, ಸ್ಪ್ರಿಂಗ್ ಸುರುಳಿ ತಲೆಗಿಟ್ಟುಕೊಂಡು ಅರ್ಧ ತಾಸು ಮಲಗುತ್ತಿದ್ದ. ಇನ್ನೂ ದೇವರು ಬಂದಿರಲಿಲ್ಲವಲ್ಲ, ಯಾರಿಗೂ ಏನೂ ಅನ್ನಿಸಲಿಲ್ಲ.

ಗೃಹಪ್ರವೇಶಕ್ಕೆ ಮುಹೂರ್ತ ಗಟ್ಟಿಯಾಗಿ, ಬಣ್ಣದ ಕೆಲಸ ಗಡಿಬಿಡಿಯಲ್ಲಿ ಮುಗಿಯಿತು. ಪೈಪುಗಳೆಲ್ಲ ಗೋಡೆಯೊಳಗೆ ಇದ್ದವು, ತಂತಿ ಎಳೆಯುವುದು ಉಳಿದಿತ್ತು. ಸ್ವಾಮಿಗಳು ಬಂದರು, ಪೂಜೆಯಾಯಿತು, ದೇವರು ಕೂತಿತು. ಅವತ್ತು ಅವನೂ ಬಂದಿದ್ದ. ಅಂಗಳದ ಪೆಂಡಾಲಿನ ಕಡೆಯ ಸಾಲಿನಲ್ಲಿ ಉಂಡು, ಹೆಂಡತಿಯ ಕೈಗೆ ಒಂದು ತೆಂಗಿನಕಾಯಿ ಕೊಟ್ಟು ಹೋದ.

ನಾಲ್ಕು ದಿನ ಬಿಟ್ಟು ತಂತಿ ಎಳೆಯಲು ಬಂದ. ದೇವರ ಕೋಣೆಯ ಹೊಸ್ತಿಲ ಹೊರಗೆ ನಿಂತ. ಚಪ್ಪಲಿ ಅಂಗಳದಲ್ಲೇ ಬಿಟ್ಟು, ಕಾಲು ತೊಳೆದುಕೊಂಡು ಬಂದಿದ್ದ. ಒಳಗೆ ದೀಪ ಉರಿಯುತ್ತಿತ್ತು. ತಿಂಗಳ ಹಿಂದೆ ಅದೇ ನೆಲದ ಮೇಲೆ ಅವನು ಗೊರಕೆ ಹೊಡೆದಿದ್ದ. ಬಾ ಎಂಬ ಒಂದು ಅಕ್ಷರ ನನ್ನ ಬಾಯಿಂದ ಬರಲಿಲ್ಲ. "ಇವತ್ತ ಅಮಾಸಿ ಅದ, ನಾಳಿ ಬಾ," ಎಂದೆ. ಮರುದಿನ ಬಂದ. "ಸೋಮವಾರ ಅದ," ಎಂದೆ. ಮತ್ತೊಮ್ಮೆ ಬಂದ. ಬೀಗರು ಬರುವವರಿದ್ದಾರೆ ಎಂದೆ. ಮೂರನೆಯ ಸಲ ಅವನು "ಆತ್ರಿ" ಎಂದು ಹೇಳಿದ ರೀತಿಯಲ್ಲೇ ಅವನಿಗೆ ಅರ್ಥವಾಗಿದೆ ಎಂದು ತಿಳಿಯಿತು.

ನಾನು ಲೆಕ್ಕ ಹಾಕಿದ್ದು ಹೀಗೆ. ಈಗ ಒಂದು ಸಲ ಒಳಗೆ ಬಿಡಬಹುದು. ಆಮೇಲೆ ಕಾಯಿ ಒಡೆದು, ನೀರು ಚಿಮುಕಿಸಿ ಸರಿ ಮಾಡಿಕೊಳ್ಳಬಹುದು. ಆದರೆ ಟಿವಿ ಕೆಟ್ಟಾಗಲೆಲ್ಲ ಅವನು ಬರುತ್ತಾನೆ, ಡಬ್ಬಿ ತೆರೆಯುತ್ತಾನೆ. ಆ ಡಬ್ಬಿ ಇರುವ ತನಕ ಆ ಕೋಣೆಯಲ್ಲಿ ಅವನಿಗೊಂದು ಹಕ್ಕು ಇದ್ದ ಹಾಗೆ. ನನಗೆ ತಡೆಯಲಾಗದೇ ಹೋದದ್ದು ಅದು.

ಹಿತ್ತಲಲ್ಲಿ ಕಂಪೌಂಡ್ ಕಟ್ಟುತ್ತಿದ್ದ ಗೌಂಡಿಯನ್ನು ಒಳಗೆ ಕರೆದೆ. ಡಬ್ಬಿಯ ಬಾಯಿಗೆ ಸಿಮೆಂಟ್ ತುಂಬಿ ಸಪಾಟು ಮಾಡು ಎಂದೆ.

"ಮಿಸ್ತ್ರಿಗಿ ಹೇಳೀರೇನ್ರಿ?" ಎಂದ ಗೌಂಡಿ.

"ಹೇಳೀನಿ. ನೀ ಹೊಡಿ."

ಅರ್ಧ ತಾಸಿನ ಕೆಲಸ. ಒಣಗಿದ ಮೇಲೆ ನಾನೇ ಸುಣ್ಣ ಬಳಿದು ದೇವರ ದೊಡ್ಡ ಫೋಟೋ ಒಂದನ್ನು ಅಲ್ಲಿ ತೂಗುಹಾಕಿದೆ. ಹೆಂಡತಿ ಸಂಜೆ ದೀಪ ಹಚ್ಚಲು ಹೋದವಳು ಫೋಟೋ ನೋಡಿದಳು, ನನ್ನನ್ನು ನೋಡಿದಳು. ದೀಪ ಹಚ್ಚಿ ಅಡುಗೆಮನೆಗೆ ಹೋದಳು. ಪೈಪು ಒಳಗೇ ಇದೆಯಲ್ಲ, ಒಂದು ತುದಿಯಿಂದ ತೂರಿಸಿದರೆ ಇನ್ನೊಂದು ತುದಿಯಲ್ಲಿ ತಂತಿ ಬರುತ್ತದೆ ಎಂದು ನಾನು ತಿಳಿದಿದ್ದೆ. ಹೀಗೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆಯುಷ್ಯವಿಡೀ ಪೈಪು ಮಾರಿದವನಿಗೆ, ಪೈಪಿನ ಬಾಯಿಗಳು ಡಬ್ಬಿಯಲ್ಲಿ ಬಂದು ನಿಂತಿವೆ, ನಡುವೆ ಕೈ ಹಾಕಲೇಬೇಕು ಎಂಬುದು ತಿಳಿದಿರಲಿಲ್ಲವೇ? ತಿಳಿದಿತ್ತೋ ಇಲ್ಲವೋ ಈಗಲೂ ಖಂಡಿತ ಹೇಳಲಾರೆ. ತಿಳಿಯುವುದು ಬೇಕಿರಲಿಲ್ಲ ಎಂಬುದನ್ನಂತೂ ಹೇಳಬಲ್ಲೆ.

ಸುರಪುರದಿಂದ ಬೀಗರು ಬಂದ ದಿನ ಅವನನ್ನು ಕರೆಸಿದೆ. ಮಗಳ ಮಾವ ಅವರು, ದೊಡ್ಡ ಕುಳ. ಸುರಪುರದಲ್ಲಿ ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದರು. ಅದರಲ್ಲಿ ಹಾಲಿಗೆ ನಾಲ್ಕು ಟಿವಿ, ಊಟದ ಮನೆಗೆ ಎರಡು, ಎಲ್ಲ ಕೋಣೆಗೂ ನೆಟ್ಟು. ಆ ಕೆಲಸವನ್ನು ಅವನಿಗೆ ಕೊಡಿಸುತ್ತೇನೆಂದು ನಾನೇ ಮಾತು ಕೊಟ್ಟಿದ್ದೆ. ಒಂದು ವರ್ಷ ಕೈತುಂಬ ಕೆಲಸ. ಅದನ್ನು ನೋಡಿ ಸುತ್ತಲ ಊರವರೂ ಕರೆಯುತ್ತಾರೆಂದು ಅವನು ಕಾದಿದ್ದ. ಅವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ.

ಹಾಲಿನ ತುದಿಯಿಂದ ಸ್ಪ್ರಿಂಗ್ ತೂರಿಸಿದ. ಸರಸರ ಹೋಯಿತು, ನಿಂತಿತು. ಹಿಂದೆ ಎಳೆದು ಮತ್ತೆ ತೂರಿಸಿದ. ಅಲ್ಲಿಯೇ ನಿಂತಿತು. ಹೊಸ ಟಿವಿ ಡಬ್ಬದಿಂದ ಹೊರಬಂದು ಶೋಕೇಸಿನಲ್ಲಿ ಕರ್ರಗೆ ಕೂತಿತ್ತು. ಬೀಗರು ಸೋಫಾದಲ್ಲಿ ಕಾಲು ಅಲುಗಿಸುತ್ತಿದ್ದರು. "ಏನ್ ಬೀಗರ, ಟಿವಿ ತೋರಸ್ತೀರಿ ಅಂತ ಕರಸಿದ್ರಿ, ಮಿಸ್ತ್ರಿ ಬೆನ್ನು ತೋರಸಾಕತ್ತೀರಿ!" ಎಂದು ನಕ್ಕರು.

ಅವನು ಸ್ಪ್ರಿಂಗ್ ಪೂರ್ತಿ ಹೊರಗೆಳೆದ. ನಿಂತ ಅಳತೆಗೆ ಹೆಬ್ಬೆರಳು ಒತ್ತಿ ಹಿಡಿದು, ತಂತಿಯನ್ನು ಗೋಡೆಯ ಬುಡಕ್ಕೆ ಉದ್ದಕ್ಕೆ ಹಾಸಿದ. ಹೆಬ್ಬೆರಳು ಬಂದು ನಿಂತದ್ದು ದೇವರ ಕೋಣೆಯ ಗೋಡೆಗೆ. ಶೋಕೇಸಿನ ಪಕ್ಕ ಕೈ ತೂರಿಸಿ ಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿ ಕೇಳಿದ. ಮತ್ತೊಮ್ಮೆ ತಟ್ಟಿದ. ಆಮೇಲೆ ನನ್ನ ಕಡೆ ತಿರುಗಿದ.

"ಸಾವ್ಕಾರ್ರ, ಒಳಗಿನ ಡಬ್ಬಿ ಒಮ್ಮಿ ತೆರದು ನೋಡಬೇಕ್ರಿ."

ನಾನು ಹೇಳಿದೆ: "ಯಾವ ಡಬ್ಬಿ?"

ಎರಡು ಮಾತು. ಹನ್ನೆರಡು ವರ್ಷದಿಂದ ನನ್ನ ಗಂಟಲಲ್ಲಿ ಕೂತಿರುವುದು ಆ ಎರಡೇ ಮಾತು.

ಅವನ ಕೈ ಅಂಗಿಯ ಜೇಬಿಗೆ ಹೋಯಿತು. ಜೇಬಿನೊಳಗೆ ಸ್ವಲ್ಪ ಹೊತ್ತು ಇತ್ತು. ಬರಿಗೈ ಹೊರಗೆ ಬಂತು. ಅವನು ನಾಲ್ಕು ಹೆಜ್ಜೆ ನಡೆದು, ಆ ಕೋಣೆಗೆ ಹೋಗಿ, ಫೋಟೋ ಎತ್ತಿ ತೋರಿಸಿದ್ದರೆ ನನ್ನ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಹಸಿ ಸುಣ್ಣದ ಚೌಕ ಎಲ್ಲರಿಗೂ ಕಾಣುತ್ತಿತ್ತು. ಆ ನಾಲ್ಕು ಹೆಜ್ಜೆ ಅವನು ಇಡಲಾರ ಎಂಬ ಧೈರ್ಯದ ಮೇಲೆಯೇ ನಾನು ಹಾಗೆ ಕೇಳಿದ್ದು.

"ಡಬ್ಬಿ ಎಲ್ಲದೋ? ಪೈಪ್ ಜಾಮ್ ಮಾಡಿ ಈಗ ಡಬ್ಬಿ ಅಂತಾನ ನೋಡ್ರಿ ಬೀಗರ," ಎಂದೆ. ಬೀಗರು ಇನ್ನೂ ನನ್ನನ್ನೇ ನೋಡುತ್ತಿದ್ದರು. ಇಷ್ಟು ಸಾಲದು ಎನಿಸಿ ನಗಿಸಲು ಹೋದೆ: "ಮಿಸ್ತ್ರಿ ಅಲ್ಲ ಇವ, ಜಾಮ್ ಮಿಸ್ತ್ರಿ!"

ಎಲ್ಲರೂ ನಕ್ಕರು. ಬೀಗರು ತೊಡೆ ತಟ್ಟಿಕೊಂಡು ನಕ್ಕರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದವಳು ಒಳಗೆ ಹೋದಳು.

ಅವನು ಸ್ಪ್ರಿಂಗ್ ಸುತ್ತಿದ. ಅವಸರವಿಲ್ಲದೆ, ಸುರುಳಿ ಮೇಲೆ ಸುರುಳಿ ಸರಿಯಾಗಿ ಕೂಡುವ ಹಾಗೆ ಸುತ್ತಿ ಹೆಗಲಿಗೆ ಹಾಕಿಕೊಂಡ. ಬಾಗಿಲಲ್ಲಿ ನಿಂತು ಹೇಳಿದ: "ಗ್ವಾಡಿ ನಿಮ್ದು ಅದ್ರಿ ಸಾವ್ಕಾರ್ರ. ನೀವು ಅಂದಂಗ." ಹೋದ.

ಸುರಪುರದ ಕೆಲಸ ಬೇರೆಯವರ ಪಾಲಾಯಿತು. ಅಷ್ಟಕ್ಕೇ ಬಿಟ್ಟಿದ್ದರೂ ಅವನು ಹೇಗೋ ಬದುಕಿಕೊಳ್ಳುತ್ತಿದ್ದ. ಬಿಡಲಿಲ್ಲ. ಮನೆ ಕಟ್ಟಿಸುವವರು ನನ್ನ ಅಂಗಡಿಗೆ ಬಂದು, ಟಿವಿ ಪೈಪಿಗೆ ಯಾರನ್ನ ಹಚ್ಚೂಣ್ರಿ ಎಂದು ಕೇಳುವುದು ರೂಢಿ. "ಆ ಜಾಮ್ ಮಿಸ್ತ್ರಿನ್ನ ಮಾತ್ರ ಹಚ್ಚಬ್ಯಾಡ್ರಿ," ಎನ್ನುತ್ತಿದ್ದೆ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಅವನು ಹತ್ತು ಮನೆಯಲ್ಲಿ ಚೆನ್ನಾಗಿ ಮಾಡಿದರೆ, ನನ್ನ ಮನೆಯಲ್ಲಿ ಮಾತ್ರ ಯಾಕೆ ಕೆಟ್ಟಿತು ಎಂದು ಜನ ಕೇಳುತ್ತಾರೆ. ಅದಕ್ಕೆ ಅವನು ಎಲ್ಲ ಕಡೆಯೂ ಕೆಟ್ಟವನಾಗುವುದು ನನಗೆ ಬೇಕಾಗಿತ್ತು. ಆ ಹೆಸರು ಭೀಮರಾಯನಗುಡಿಗೆ ಹೋಯಿತು, ದೋರನಹಳ್ಳಿಗೂ ಹೋಯಿತು. ಅವನು ನನ್ನ ಅಂಗಡಿಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಮೆಟ್ಟಿಲ ಮೇಲೆ ಕೂಡಲೂ ಬರಲಿಲ್ಲ.

ನನ್ನ ಮನೆಗೆ ಟಿವಿ ತಂತಿ ಕಿಡಕಿಯಲ್ಲಿ ತೂತು ಕೊರೆದೇ ಬಂತು. ಹೊಸ ಗೋಡೆಗೆ ಉದ್ದಕ್ಕೂ ಮೊಳೆ ಹೊಡೆದರು. ಟಿವಿಯನ್ನು ಕಿಡಕಿಯ ಪಕ್ಕ ಎತ್ತರದಲ್ಲಿ ಕೂಡಿಸಿದರು. ಹೆಂಡತಿ ತಲೆ ಎತ್ತಿ ನೋಡುತ್ತಾಳೆ. ಅವಳು ಕುತ್ತಿಗೆಗೆ ಎಣ್ಣೆ ಹಚ್ಚಿಕೊಳ್ಳುವಾಗ ನಾನು ಎದ್ದು ಹೊರಗೆ ಹೋಗುತ್ತೇನೆ.

ನಾಲ್ಕು ವರ್ಷದ ಮೇಲೆ ಯಾದಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಅವನು ಸಿಕ್ಕ. ಅಲ್ಲಿ ಕೇಬಲ್ ಟಿವಿಯವರ ಕೈಕೆಳಗೆ ಕಂಬ ಹತ್ತುವ ಕೆಲಸ ಮಾಡುತ್ತಿದ್ದ. ಅರವತ್ತರ ಹತ್ತಿರ ಬಂದವನು, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ. ನಾನು ಮುಖ ತಿರುಗಿಸಬೇಕೆನ್ನುವುದರಲ್ಲಿ ಅವನೇ ಬಂದ.

"ಶರಣ್ರಿ ಸಾವ್ಕಾರ್ರ. ಅಮ್ಮಾರು ಆರಾಮ ಅದಾರೇನ್ರಿ?"

"ಆರಾಮ ಅದಾಳ. ನೀನು?"

"ನಡದದ್ರಿ. ಕಿಡಕ್ಯಾಗಿಂದ ತಾರ ತಂದೀರಂತ, ಯಾರೋ ಅಂದ್ರು."

ನಾನು ಹೂಂ ಎಂದೆ. ಈಗ ಏನಾದರೂ ಅನ್ನುತ್ತಾನೆ, ಅನ್ನಲಿ ಎಂದು ಕಾದೆ. ಅವನು ಕೈಯಿಂದ ಗಾಳಿಯಲ್ಲಿ ಒಂದು ಕೊಂಡಿ ಬರೆದು ತೋರಿಸಿದ. "ಮಳಿ ನೀರು ತಾರ ಹಿಡಕೊಂಡು ಒಳಗ ಬರ್ತದ್ರಿ. ಕಿಡಕಿ ಹೊರಗ ತಾರಿಗಿ ಹಿಂಗ ಒಂದು ಬಾಗು ಬಿಡಸ್ರಿ, ಕೆಳಗ ಇಳಿಬಿದ್ದಂಗ. ನೀರು ಅಲ್ಲೇ ತೊಟ್ಟಿಕ್ಕಿ ಹೋಗ್ತದ. ಟಿವಿ ಉಳೀತದ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಶಹಾಪುರದ ಬಸ್ಸು ಬರಲು ಇನ್ನೂ ಹೊತ್ತಿತ್ತು. ತಪ್ಪಾಯಿತು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು ಎಂದು ಬರೆಯಬಹುದು, ಆದರೆ ಸುಳ್ಳಾಗುತ್ತದೆ. ಬಂದಿರಲಿಲ್ಲ. "ಚಹಾ ಕುಡೀತಿಯೇನು?" ಎಂದೆ. ಅವನು ಚೀಲದಿಂದ ನೀರಿನ ಬಾಟಲಿ ಎತ್ತಿ ತೋರಿಸಿ ನಕ್ಕ. ಆ ನಗುವಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ತಂತಿಗೆ ಬಾಗು ಬಿಡಿಸಿದೆ. ಅವನು ಅಂದ ಹಾಗೇ ನೀರು ನಿಂತಿತು.

ಗಿರಾಕಿಯ ಬಾಯಿಂದ ಸುದ್ದಿ ಕೇಳಿದ ಐದನೆಯ ದಿನ ದೋರನಹಳ್ಳಿಗೆ ಹೋದೆ. ಹೆಂಡತಿಯೇ, "ಹೋಗಿ ಬರ್ರಿ," ಎಂದಳು. ಬಾಗಿಲವರೆಗೆ ಬಂದು, "ಆವತ್ತ ನಾನೂ ಸುಮ್ಮನಿದ್ದೆ," ಎಂದಳು. ಇಷ್ಟು ವರ್ಷದಲ್ಲಿ ಅವಳು ಆ ವಿಷಯ ಎತ್ತಿದ್ದು ಅದೊಂದೇ ಸಲ.

ಸಣ್ಣ ಮನೆ. ಪಡಸಾಲೆಯಲ್ಲಿ ಬುದ್ಧನ ಫೋಟೋ, ಕೆಳಗೆ ಅವನದು. ಟಿವಿ ಇತ್ತು. ನೆಲದ ಮೇಲೆ ಕೂತವರ ಕಣ್ಣಿನ ನೇರಕ್ಕೆ ಇತ್ತು. ಗೋಡೆಯ ಮೇಲೆ ಒಂದು ತಂತಿಯೂ ಕಾಣಲಿಲ್ಲ. ಅವನ ಹೆಂಡತಿ ನನಗೆ ಚಾಪೆ ಹಾಸಿದಳು. ನಾನು ಯಾರೆಂದು ಅವಳಿಗೆ ಗೊತ್ತಿತ್ತು.

"ನಿಮ್ಮ ಮನಿ ನಕ್ಷಾ ಇಟ್ಟಿದ್ರು ರೀ," ಎಂದು ಟ್ರಂಕಿನಿಂದ ಒಂದು ಮದುವೆ ಪತ್ರಿಕೆ ತೆಗೆದಳು. "ಜ್ವರ ಬಂದು ಮಲಗಿದಾಗ ಹೇಳ್ಯಾರ್ರಿ. ಇದು ಅವ್ರಿಗಿ ಮುಟ್ಟಸು, ಗ್ವಾಡಿ ತೆರಿಯೂ ಕಾಲಕ್ಕ ಬೇಕಾಗ್ತದ ಅಂದ್ರು."

ಹಿಂಬದಿಯಲ್ಲಿ ಅದೇ ಕೆಂಪು ಪೆನ್ಸಿಲ್ಲಿನ ಗೆರೆಗಳು. ದೇವರ ಕೋಣೆಯ ಗೋಡೆಯ ಮೇಲೆ ಒಂದು ಚೌಕ. ಪಕ್ಕದಲ್ಲಿ 'ಡಬ್ಬಿ' ಎಂದು ಬರೆದು, ಅದರ ಕೆಳಗೆ 'ಸಾವ್ಕಾರ್ರು ಹೂಂ ಅಂದಾರ' ಎಂದು ಬರೆದಿದ್ದ. ಆವತ್ತು ಬಿಳಿ ಅಂಗಿಯ ಜೇಬಿನೊಳಗೆ ಅವನ ಕೈ ಹಿಡಿದು ಬಿಟ್ಟದ್ದು ಇದನ್ನೇ. ಬೀಗರ ಮುಂದೆ ಇದನ್ನು ಹಿಡಿದಿದ್ದರೆ ಸಾಕಿತ್ತು.

ಅವಳು ಬಾಗಿಲ ಬಳಿ ನಿಂತು, ಕೇಳಲೋ ಬೇಡವೋ ಎಂಬಂತೆ ಕೇಳಿದಳು: "ನೀರು ಕುಡೀತಿರೇನ್ರಿ?"

"ಈಗ ಕುಡದು ಬಂದೀನವ್ವ," ಎಂದೆ.

ಹೌದು, ಹಾಗೆಯೇ ಅಂದೆ. ಎಪ್ಪತ್ತರ ಹತ್ತಿರ ಬಂದವನು, ಕ್ಷಮೆ ಕೇಳಲೆಂದು ಹೋದವನು, ಆ ಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅಂದೆ. ಬಾಯಿ ತಾನೇ ಅಂದುಬಿಟ್ಟಿತು. ಅವಳು ತಲೆಯಾಡಿಸಿದಳು. ಅವಳಿಗೆ ಅಚ್ಚರಿಯೇನೂ ಆಗಲಿಲ್ಲ. ಕ್ಷಮೆಯ ಮಾತು ಅಲ್ಲಿಗೆ ಮುಗಿಯಿತು, ಶುರುವೇ ಆಗದೆ.

ಮರುವಾರ ನೆಟ್ಟಿನ ತಂತಿ ಎಳೆಯಲು ಶಹಾಪುರದ ಈಗಿನ ಒಬ್ಬ ಮಿಸ್ತ್ರಿಯನ್ನು ಕರೆಸಿದೆ. ನಲವತ್ತರ ಆಸುಪಾಸಿನವನು. ಹಾಲಿನಲ್ಲಿ ಬರುವ ನೆಟ್ಟು ಕಲ್ಲಿನ ಗೋಡೆಯಾಚೆ ಹಿಂದಿನ ಕೋಣೆಗಳಿಗೆ ಹೋಗುತ್ತಲೇ ಇರಲಿಲ್ಲ. ಪತ್ರಿಕೆ ಕೊಟ್ಟು, ದೇವರ ಕೋಣೆಗೆ ಕರೆದುಕೊಂಡು ಹೋಗಿ ಫೋಟೋ ನಾನೇ ಇಳಿಸಿದೆ. ಅವನ ಜಾತಿ ಕೇಳಲಿಲ್ಲ. ಕೇಳಲಿಲ್ಲ ಎಂದು ಈಗ ಬರೆಯುತ್ತಿದ್ದೇನೆಂದರೆ, ಆ ಹೊತ್ತಿನಲ್ಲೂ ಅದು ನನ್ನ ತಲೆಯಲ್ಲಿತ್ತು ಎಂದೇ ಅರ್ಥ.

ಉಳಿಯಿಂದ ಪ್ಲಾಸ್ಟರ್ ಒಡೆದ. ಸಿಮೆಂಟಿನ ಗಟ್ಟಿ ಕಿತ್ತು ಬಂತು. ಒಳಗೆ ಡಬ್ಬಿ. ಎಲ್ಲ ಪೈಪುಗಳ ಬಾಯಿಗೂ ಪೇಪರ್ ಉಂಡೆ ಮಾಡಿ ಗಟ್ಟಿಯಾಗಿ ತುರುಕಿತ್ತು, ಪ್ಲಾಸ್ಟರಿನವರ ಸಿಮೆಂಟ್ ಒಳಗೆ ಬೀಳಬಾರದೆಂದು. ಸ್ಪ್ರಿಂಗ್ ಹೋಗಿ ನಿಂತದ್ದು ಆ ಪೇಪರಿಗೆ. ಒಂದೊಂದು ಪೈಪಿನ ಮೇಲೂ ಪೆನ್ಸಿಲ್ ಅಕ್ಷರ: ಹಾಲು, ಅಡಗಿಮನಿ, ಅಮ್ಮಾರ ಖೋಲಿ. ಮಿಸ್ತ್ರಿ ಪೇಪರ್ ಕಿತ್ತು ಸ್ಪ್ರಿಂಗ್ ತೂರಿಸಿದ. ಎಲ್ಲಿಯೂ ತಡೆಯದೆ ಹಾಲಿನ ತುದಿಯಲ್ಲಿ ಹೊರಬಂತು. ಹನ್ನೆರಡು ವರ್ಷದ ಕೆಳಗೆ ಹಾಕಿದ ಪೈಪು.

"ಭಾರಿ ಸಾಫ್ ಕೆಲಸ ರೀ. ಈ ಕಡಿ ಹಿಂಗ ಮಾಡೋರನ್ನ ನಾ ನೋಡಿಲ್ಲ. ಯಾರ್ರಿ ಮಿಸ್ತ್ರಿ?"

ನಾನು ಅವನ ನಿಜವಾದ ಹೆಸರು ಹೇಳಿದೆ. ಅಪ್ಪನ ಹೆಸರು ಸೇರಿಸಿ, ಊರು ಸೇರಿಸಿ ಹೇಳಿದೆ. ನನ್ನ ಬಾಯಲ್ಲಿ ಆ ಹೆಸರು ಬಂದು ಎಷ್ಟೋ ವರ್ಷವಾಗಿತ್ತು.

"ಯಾರ್ರಿ ಅವ್ರು? ಕೇಳಿಲ್ಲಲ್ಲ," ಎಂದ.

ಮತ್ತೊಮ್ಮೆ ಹೇಳಿದೆ. ತಲೆಯಾಡಿಸಿದ. ಅವನಿಗೆ ಗುರುತು ಹತ್ತುವುದಕ್ಕೆ ನನ್ನ ಬಳಿ ಉಳಿದದ್ದು ಒಂದೇ ದಾರಿ. ಆ ಇನ್ನೊಂದು ಹೆಸರು ಹೇಳಿದೆ.

ಅವನು ಉಳಿ ಕೆಳಗಿಟ್ಟು ನಕ್ಕುಬಿಟ್ಟ. "ಏ, ಚೇಷ್ಟಿ ಮಾಡಬ್ಯಾಡ್ರಿ ಸಾವ್ಕಾರ್ರ. ಜಾಮ್ ಮಿಸ್ತ್ರಿ ಇಂಥಾ ಕೆಲಸ ಮಾಡ್ತಾನೇನ್ರಿ?"

"ಜಾಮ್ ಮಾಡಿದಾವ ಅವ ಅಲ್ಲಪಾ," ಎಂದೆ. "ನಾನು."

ಅವನು ಅದನ್ನೂ ಚೇಷ್ಟೆ ಎಂದುಕೊಂಡನೋ ಏನೋ, ನಗುತ್ತಲೇ ತಂತಿ ಎಳೆಯತೊಡಗಿದ. ನಾನು ಹೊಸ್ತಿಲ ಹೊರಗೆ ಬಂದು, ದೋರನಹಳ್ಳಿಯವನು ಅವತ್ತು ನಿಂತಿದ್ದ ಜಾಗದಲ್ಲಿ ನಿಂತು, ಅವನ ನಿಜವಾದ ಹೆಸರನ್ನು ಮೂರನೆಯ ಸಲ ಹೇಳಿದೆ.